ಒಂಬತ್ತು ನಿಮಿಷದ ವಾದ್ಯ

ಮಗಳು ಹೇಮಶ್ರೀಯ ಮದುವೆಯ ಬೆಳಿಗ್ಗೆ ಸೋಮಯ್ಯನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮದುವೆಯ ಸಂಭ್ರಮ ಇರಲಿ ಬಿಡಿ, ಎದೆ ಡವಗುಟ್ಟುತ್ತಿದ್ದದ್ದು ಬೇರೆಯದಕ್ಕೆ. ತಾನೇ ಕಟ್ಟಿದ ಒಂಬತ್ತು ನಿಮಿಷದ ಇಂಗ್ಲಿಷ್ ಸಂಗೀತವನ್ನು ಇವತ್ತು ಜನ ಮೊದಲಿಂದ ಕೊನೆಯವರೆಗೆ ಕೇಳಬೇಕಿತ್ತು.

ಮಗ್ಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಅವನು ಕ್ಲಾರಿನೆಟ್ ಊದುತ್ತಿದ್ದದ್ದು ಇಪ್ಪತ್ತೆರಡು ವರ್ಷದಿಂದ. ಐದು ಗೆರೆಯ ಮೇಲೆ ಸ್ವರ ಬರೆಯುವುದನ್ನು ಮಾತ್ರ ಯಾವ ಗುರುವೂ ಹೇಳಿಕೊಟ್ಟದ್ದಲ್ಲ, ಫೋನ್ ನೋಡಿ ನೋಡಿ ಕಲಿತದ್ದು. ಆರು ವರ್ಷ ಬರೆದ, ಹರಿದ, ಮತ್ತೆ ಬರೆದ. ಬ್ಯಾಂಡಿನ ಉಳಿದ ಐವರಿಗೆ ಆ ಗೆರೆಗಳ ತಲೆಬುಡ ತಿಳಿಯದು. ಒಬ್ಬೊಬ್ಬರಿಗೂ ಬಾಯಲ್ಲೇ ಹಾಡಿ ಹಾಡಿ ಕಲಿಸಿದ.

"ಗಟ್ಟಿಮೇಳ ಅಂದೇಟ್ಗೆ ಎಲ್ಲಿದ್ರೂ ನಿಲ್ಸ್‌ಬುಡ್ಬೇಕು ಕಣೋ," ಎಂದ ಡ್ರಮ್ಮಿನ ನಂಜುಂಡ.

"ಧಾರೆ ಆದ್ಮೇಲೆ ಮುಹೂರ್ತಕ್ಕೆ ಹತ್ತು ನಿಮಿಷ ಐತೆ ಮಾರಾಯ. ನೀ ಬಡಿ!"

ಧಾರೆ ಎರೆದದ್ದೇ ತಡ, ಹೆಂಡತಿ ಕಣ್ಣು ಬಿಟ್ಟರೂ ಕೇಳದೆ, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಸೋಮಯ್ಯ ಮಂಟಪದಿಂದ ಇಳಿದೇಬಿಟ್ಟ. ಕ್ಲಾರಿನೆಟ್ ತುಟಿಗಿಟ್ಟ. ಸಂಗೀತ ಮೆಲ್ಲಗೆ ಹೊರಟಿತು. ಮೂರನೇ ನಿಮಿಷಕ್ಕೆ ಆರೂ ಜನ ಒಟ್ಟಿಗೆ ಜೋರಾಗಿ ನುಡಿಸಿದರು.

ಆರು ವರ್ಷದಲ್ಲಿ ಒಮ್ಮೆಯೂ ತಲೆಗೆ ಹೊಳೆಯದ ಸಂಗತಿ ಆಗ ಹೊಳೆಯಿತು. ಮದುವೆ ಮನೆಯಲ್ಲಿ ವಾದ್ಯ ಜೋರಾದರೆ ಜನಕ್ಕೆ ಅದು ಗಟ್ಟಿಮೇಳವೇ!

ಸುರಿಯಿತು ನೋಡಿ ಅಕ್ಷತೆ! ಮುನ್ನೂರು ಮುಷ್ಟಿ ಒಂದೇ ಏಟಿಗೆ ಖಾಲಿ. ಗಾಬರಿಬಿದ್ದ ಮದುಮಗ ಅಭಿಲಾಷ್ ತಾಳಿಯನ್ನು ಕೊರಳ ತನಕ ತಂದುಬಿಟ್ಟಿದ್ದ.

"ಅಯ್ಯಯ್ಯೋ, ಈಗಲ್ಲ! ಇನ್ನೂ ಏಳು ನಿಮಿಷ ಇದೆ!" ಪುರೋಹಿತರು ಕೂಗಿಕೊಂಡರು.

ನಂಜುಂಡನ ಕೋಲು ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ನುಡಿಸುವುದನ್ನು ನಿಲ್ಲಿಸಿದರು. ಮುಗಿಯಿತು, ಹಾಳಾಗಿ ಹೋಯಿತು ಎಂದುಕೊಂಡ ಸೋಮಯ್ಯ.

ಹೇಮಶ್ರೀ ಗಂಡನಾಗುವವನ ಮಣಿಕಟ್ಟು ಹಿಡಿದಳು. ಆ ಸಂಗೀತ ಕೇಳುತ್ತಲೇ ಬೆಳೆದವಳು ಅವಳು. "ತಡೀರಿ, ನಮ್ಮಪ್ಪಂದು ಇನ್ನೂ ಆರು ನಿಮಿಷ ಐತೆ," ಎಂದವಳು ಅಲ್ಲಿಂದಲೇ ಕೂಗಿದಳು, "ಊದಪ್ಪಾ!"

ಸೋಮಯ್ಯ ಊದಿದ. ಜನರ ಕೈಯಲ್ಲಿ ಅಕ್ಷತೆಯಿಲ್ಲ, ಊಟದ ಮನೆಯ ಬಾಗಿಲು ತೆಗೆದಿಲ್ಲ; ಇನ್ನೇನು ಮಾಡಿಯಾರು, ಕೇಳಿದರು. ಮೊದಲು ಬೇರೆ ದಾರಿಯಿಲ್ಲದೆ ಕೇಳಿದರು, ಆಮೇಲೆ ಅಳುವ ಮಗುವನ್ನು ಸುಮ್ಮನಾಗಿಸಿ ಕೇಳಿದರು. ತಾನು ಊದುವಾಗ ಜನ ಮಾತು ನಿಲ್ಲಿಸಿದ್ದನ್ನು ಸೋಮಯ್ಯ ಕಂಡದ್ದು ಇದೇ ಮೊದಲು. ಕಣ್ಣೀರು ಮೂಗಿನ ತುದಿಗೆ ಬಂದರೂ ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಕೊನೆಯ ಸ್ವರ ಸಣ್ಣಗಾಗಿ ನಿಂತಿತು. ಪುರೋಹಿತರು ಗಡಿಯಾರ ನೋಡಿ ಕೈಯೆತ್ತಿದರು, ನಂಜುಂಡ ಬಲವೆಲ್ಲ ಹಾಕಿ ಗಟ್ಟಿಮೇಳ ಬಡಿದ, ಅಭಿಲಾಷ್ ತಾಳಿ ಕಟ್ಟಿದ.

ಅಕ್ಷತೆ? ಮದುಮಗನ ಅಜ್ಜಿ ಮುನಿಯಮ್ಮ ಪಕ್ಕದವಳ ತುರುಬಿನಿಂದ ನಾಲ್ಕು ಕಾಳು ಆಯ್ದುಕೊಂಡರು. ಎರಡನ್ನು ಮದುಮಕ್ಕಳ ಮೇಲೆ ಹಾಕಿದರು. ಉಳಿದೆರಡನ್ನು ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು ಬಂದು, ಸೋಮಯ್ಯನ ತಲೆಯ ಮೇಲೆ ಹಾಕಿದರು.