ರಘುಪತಿಯಣ್ಣ ಕೊಡದ ಬಾಡಿಗೆ

ಬಹರೈನಿನಿಂದ ಊರಿಗೆ ಮರಳಿದ ವರ್ಷವೇ ಲಿಯೋನೆಲ್ ಒಂದು ಹಳೆಯ ಫಿಯೆಟ್ ಕೊಂಡ. ೧೯೭೮ರ ಕಾಪುವಿನಲ್ಲಿ ಸ್ವಂತ ಕಾರೆಂದರೆ ಅಂಗಳದಲ್ಲಿ ಆನೆ ಕಟ್ಟಿದ ಹಾಗೆ. ಸಾಕುವ ಖರ್ಚು ಯಜಮಾನನದು, ಸವಾರಿಯ ಆಸೆ ಊರಿಗೆಲ್ಲ. ಕಾರಿನ ಹಿಂದೆಯೇ ವಿಮೆಯ ಏಜೆಂಟ್ ವಿಷ್ಣುಮೂರ್ತಿಯೂ ಬಂದು ಜಗಲಿಯಲ್ಲಿ ಕುಳಿತ.

"ಥರ್ಡ್ ಪಾರ್ಟಿ ಮಾತ್ರ ಮಾಡಿದರೆ ನೀವು ಗುದ್ದಿದವನ ಕಾಲಿಗೆ ಕಂಪೆನಿ ಉಂಟು, ನಿಮ್ಮ ಬಂಪರಿಗೆ ದೇವರೇ ಗತಿ. ಎರಡೂ ಸೇರಿದ ಕಾಂಪ್ರಹೆನ್ಸಿವ್ ಮಾಡಿ. ಟ್ಯಾಕ್ಸಿ ದಿನವಿಡೀ ರಸ್ತೆಯಲ್ಲಿರುತ್ತದೆ, ಅಪಾಯ ಜಾಸ್ತಿ, ಹಾಗಾಗಿ ಪ್ರೀಮಿಯಮ್ಮೂ ಜಾಸ್ತಿ. ನಿಮ್ಮದು ಖಾಸಗಿ, ಕಡಿಮೆಯಲ್ಲಿ ಮುಗಿಯುತ್ತದೆ. ಆದರೆ ಬಾಡಿಗೆಗೆ ಓಡಿಸಿ ಗುದ್ದಿದಿರೋ, ಕಂಪೆನಿ ನಿಮ್ಮ ಮುಖ ಸಹ ನೋಡುವುದಿಲ್ಲ."

ಲಿಯೋನೆಲ್ ನಕ್ಕು ಸಹಿ ಹಾಕಿದ. ಬಾಡಿಗೆ ಕೊಡುವಂಥವರು ಯಾರೂ ಅವನ ಕಾರು ಕೇಳಿರಲಿಲ್ಲ.

ಪಕ್ಕದ ಮನೆಯ ರಘುಪತಿಯಂತೂ ಕೊಡುವ ಪೈಕಿಯೇ ಅಲ್ಲ. ದೇವಸ್ಥಾನದ ಆಡಳಿತ ಮಂಡಳಿಯಲ್ಲಿ ಕುಳಿತು ಬಾಯಲ್ಲೇ ಬ್ರಹ್ಮಕಲಶ ಮುಗಿಸುವ ಮನುಷ್ಯ. ಮಗಳು ಸುಭಾಷಿಣಿಯ ಮದುವೆಗೆ ಕಾರು ಕೇಳಲು ಬಂದವನು ಬಾಡಿಗೆಯ ಮಾತನ್ನು ತಾನೇ ಎತ್ತಿ ತಾನೇ ಇಳಿಸಿದ.

"ನೀನು ಮನೆಯವನಲ್ವಾ ಮಾರಾಯ? ನಿನಗೆ ಬಾಡಿಗೆ ಕೊಟ್ಟರೆ ನಿನಗೇ ಅವಮಾನ."

ಆ ಅವಮಾನ ತಟ್ಟದಿರಲೆಂದು ಅವನು ಪೆಟ್ರೋಲನ್ನೂ ಹಾಕಿಸಲಿಲ್ಲ.

ಉಡುಪಿಯಲ್ಲಿ ಧಾರೆ ಮುಗಿದು, ಮದುಮಕ್ಕಳು ಕಾರ್ಕಳದ ಗಂಡಿನ ಮನೆಗೆ ಹೊರಟರು. ಸ್ಟಿಯರಿಂಗ್ ಹಿಡಿದವನು ಲಿಯೋನೆಲ್. ರಘುಪತಿಯ ಹೆಂಡತಿ ನಳಿನಾಕ್ಷಿ ಶಂಕರಪುರದ ಮಲ್ಲಿಗೆಯ ಚೆಂಡುಗಳನ್ನು ಅಟ್ಟೆಗಟ್ಟಲೆ ತರಿಸಿ ಕಾರಿಗೆ ಸುತ್ತಿಸಿದ್ದಳು. ಮುಂದಿನ ಗಾಜಿನ ಮೇಲೂ ಮಾಲೆಗಳು ಜೋತುಬಿದ್ದಿದ್ದವು.

"ಅಕ್ಕ, ನನಗೆ ರಸ್ತೆ ಕಾಣಬೇಕಲ್ಲ?"

"ಹೂ ಕಡಿಮೆಯಾದರೆ ಬೀಗರು ಎಂತ ಹೇಳಿಯಾರು?"

ಕಾರ್ಕಳಕ್ಕೆ ಸ್ವಲ್ಪ ಮೊದಲು, ತಿರುವಿನಲ್ಲಿ ಗಾಳಿ ಬೀಸಿತು. ಮಾಲೆಗಳೆಲ್ಲ ಒಟ್ಟಾಗಿ ಗಾಜಿಗೆ ಅಂಟಿಕೊಂಡವು. ಲಿಯೋನೆಲ್‌ಗೆ ಮಲ್ಲಿಗೆ ಬಿಟ್ಟು ಬೇರೇನೂ ಕಾಣಲಿಲ್ಲ. ಕಾರು ಮೋರಿಯ ಕಟ್ಟೆಗೆ ಗುದ್ದಿ ನಿಂತಿತು. ದೇವರ ದಯೆ, ಯಾರಿಗೂ ಗಾಯವಾಗಲಿಲ್ಲ. ಬಾನೆಟ್ ಮಡಚಿ, ರೇಡಿಯೇಟರ್ ಒಡೆದು, ಎಂಜಿನ್ ಹಿಂದಕ್ಕೆ ಸರಿದಿತ್ತು. ಮದುಮಕ್ಕಳು ಬಾಸಿಂಗ ಸಮೇತ ಬಸ್ಸು ಹತ್ತಿದರು. ಕಂಡಕ್ಟರ್ ಎದ್ದು ಸೀಟು ಬಿಟ್ಟುಕೊಟ್ಟ, ಟಿಕೆಟನ್ನು ಮಾತ್ರ ಬಿಡಲಿಲ್ಲ.

ಕಾರನ್ನು ಲಾರಿಗೆ ಕಟ್ಟಿ ಎಳೆಸಿ ತಂದು ಲಿಯೋನೆಲ್ ಅಂಗಳದಲ್ಲಿ ನಿಲ್ಲಿಸಿದ. ಗಳಿಸಿದ್ದೆಲ್ಲ ಮನೆಗೂ ಕಾರಿಗೂ ಮುಗಿದಿತ್ತು. ವಿಮೆ ಸಿಕ್ಕಿದರೆ ಕಾರು ಮತ್ತೆ ರಸ್ತೆಗೆ, ಸಿಗದಿದ್ದರೆ ಗುಜರಿಗೆ.

ಕಂಪೆನಿಯ ಸರ್ವೇಯರ್ ತಾರಾನಾಥ ಬಂದ ದಿನವೇ ರಘುಪತಿಯ ಮನೆಯಲ್ಲಿ ಬೀಗರ ಔತಣ. ತಾರಾನಾಥ ಒಳ್ಳೆಯವನು. ಕಾರಿನ ಸುತ್ತ ಬಂದು, ಬಗ್ಗಿ ನೋಡಿ, "ತೊಂದರೆ ಇಲ್ಲ, ಗ್ಯಾರೇಜಿನ ಬಿಲ್ಲು ಕಳಿಸಿ. ಮದುವೆಗೆ ಹೋದದ್ದಲ್ವಾ? ಬಾಡಿಗೆ ಏನಾದರೂ ತೆಗೆದುಕೊಂಡಿರಾ?" ಎಂದು ಕೇಳಿದ.

"ಇಲ್ಲ ಸರ್. ನೆರೆಮನೆಯವರು, ಸುಮ್ಮನೆ ಕೊಟ್ಟದ್ದು."

ಊಟ ಮುಗಿಸಿ ಎಲೆಯಡಿಕೆ ಜಗಿಯುತ್ತ ಬೀಗರ ಪಟಾಲಮ್ಮು ಕಂಪೌಂಡ್ ಗೋಡೆಯ ಆಚೆ ಬಂದು ನಿಂತಿತ್ತು. ಗಂಡಿನ ತಂದೆ ಬಾಯಿ ಓರೆ ಮಾಡಿ ನಕ್ಕರು.

"ಓಹೋ! ನಮ್ಮ ಮದುಮಗ ಬಂದದ್ದು ಬಿಟ್ಟಿ ಕಾರಿನಲ್ಲಾ?"

ರಘುಪತಿಯ ಮುಖ ಕೆಂಪೇರಿತು. "ಬಿಟ್ಟಿಯಾ? ಇನ್ನೂರು ರೂಪಾಯಿ ಬಾಡಿಗೆ ಕೈಗೆ ಕೊಟ್ಟಿದ್ದೇನೆ! ಹೇಳು ಲಿಯೋನೆಲ್!"

ತಾರಾನಾಥನ ಪೆನ್ನು ಅಲ್ಲೇ ನಿಂತಿತು. ಗೋಡೆ ಹಾರಿ ಹೋಗಿ ರಘುಪತಿಯ ಕುತ್ತಿಗೆ ಹಿಡಿಯಬೇಕೆನ್ನಿಸುವಷ್ಟು ಸಿಟ್ಟು ಲಿಯೋನೆಲ್‌ಗೆ ಬಂತು. ಬಾಯಿ ತೆರೆದೂ ಬಿಟ್ಟ. ಆಗ ಮಾವನ ಬೆನ್ನ ಹಿಂದೆ ನಿಂತ ಸುಭಾಷಿಣಿ ಕಂಡಳು. ಅವನ ಹೆಂಡತಿ ಮೇಬಲ್ ಮಾಡಿದ ಇಡ್ಲಿಯಂಥ ಸಾನ್ನಾ ತಿಂದೇ ಬೆಳೆದ ಹುಡುಗಿ, ಸೆರಗನ್ನು ಬೆರಳಿಗೆ ಸುತ್ತಿಕೊಂಡು ಉಸಿರು ಬಿಗಿಹಿಡಿದಿದ್ದಳು. ಅಪ್ಪ ಸುಳ್ಳ ಎಂದು ಇವತ್ತು ಗೊತ್ತಾದರೆ, ಆ ಮನೆಯಲ್ಲಿ ಇವಳಿಗೆ ಬಡಿಸುವ ಪ್ರತಿ ತುತ್ತಿನ ಜೊತೆ ಈ ಬಿಟ್ಟಿ ಕಾರನ್ನೂ ಬಡಿಸುತ್ತಾರೆ.

"ಹೌದು. ಕೊಟ್ಟಿದ್ದಾರೆ."

"ಯೋಚನೆ ಮಾಡಿ ಹೇಳಿ. ಇದರ ಮೇಲೆ ನಾನು ಏನೂ ಮಾಡುವ ಹಾಗಿಲ್ಲ," ಎಂದ ತಾರಾನಾಥ ಮೆಲ್ಲಗೆ.

"ಪೆಟ್ರೋಲಿಗೆ ಬೇರೆ ಕೊಟ್ಟರು," ಎಂದ ಲಿಯೋನೆಲ್.

ಒಳಗೆ ಮೇಬಲ್ ಹಣೆ ಚಚ್ಚಿಕೊಂಡಳು. "ನಿಮಗೆ ತಲೆ ಸರಿ ಉಂಟಾ?" ತಾರಾನಾಥ ಫೈಲು ಮುಚ್ಚಿ ಬಸ್ಸಿಗೆ ನಡೆದ.

ಸಂಜೆ ಬೀಗರು ಹೋದ ಮೇಲೆ ರಘುಪತಿ ಬಂದ. ಕ್ಷಮೆ ಕೇಳಲು ಬಂದಿದ್ದಾನೆಂದುಕೊಂಡು ಲಿಯೋನೆಲ್ ಕುರ್ಚಿ ಕೊಟ್ಟ. ಮೇಬಲ್ ಕುಕ್ಕಿಟ್ಟ ಕಾಫಿಯನ್ನು ಆತ ನಿಧಾನವಾಗಿ ಕುಡಿದ.

"ಕಂಪೆನಿ ಒಂದು ಪೈಸೆ ಕೊಡುವುದಿಲ್ಲವಂತೆ, ಅಲ್ವಾ? ಛೆ. ನನ್ನ ಮಾನ ಉಳಿಸಿದೆ ಮಾರಾಯ."

ರಘುಪತಿ ಮುರಿದ ಕಾರನ್ನು ಬಹಳ ಹೊತ್ತು ನೋಡಿದ. ಆಮೇಲೆ ಹಿರಿಯನೊಬ್ಬ ಬುದ್ಧಿ ಹೇಳುವ ದನಿಯಲ್ಲಿ, ನಿಜಕ್ಕೂ ಮನಸ್ಸು ನೊಂದವನಂತೆ ಹೇಳಿದ:

"ಆದರೂ ಒಂದು ಮಾತು ಲಿಯೋನೆಲ್. ಮನೆಯವರ ಹತ್ತಿರ ನೀನು ಇನ್ನೂರು ರೂಪಾಯಿ ತೆಗೆದುಕೊಳ್ಳಬಾರದಿತ್ತು."