ಟೀವಿಯಲ್ಲಿ ಭಾವನ ತಲೆ

ಭಾವ ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತರಾಗುವ ತಿಂಗಳು ಅಕ್ಕನಿಗೆ ಒಂದು ಆಸೆ ಹುಟ್ಟಿತು. ಅವರ ಜೊತೆ ದುಡಿದವರನ್ನೆಲ್ಲ ಭಾನುವಾರ ಮನೆಗೆ ಊಟಕ್ಕೆ ಕರೆದು, ಹಾಲ್‌ನ ದೊಡ್ಡ ಟೀವಿಯಲ್ಲಿ ಹಳೆಯ ಫೋಟೋಗಳನ್ನು ಒಂದಾದ ಮೇಲೊಂದು ತೋರಿಸಬೇಕು. ಆಸೆ ಅಕ್ಕನದು, ಕೆಲಸ ತಂಗಿಯದು. ಮನೆಯವರೆಲ್ಲ ಚಿಕ್ಕಿ ಎಂದು ಕರೆಯುವ ಈ ತಂಗಿ ಬೇಕರಿಯಲ್ಲಿ ಕೇಕ್ ಮೇಲೆ ಕ್ರೀಮಿನಿಂದ ಹೆಸರು ಬರೆಯುವವಳು.

"ಅರ್ಧ ಕೇಜಿ ಕೇಕ್ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರೂ ಹಿಡಿಸ್ತೀಯ, ನಾಲ್ಕು ಫೋಟೋ ಟೀವಿಗೆ ಹಿಡಿಸೋದು ನಿನಗ್ಯಾವ ಲೆಕ್ಕ," ಎಂದು ಅಕ್ಕ ಫೋಟೋಗಳ ಡಬ್ಬಿಯನ್ನೇ ಅವಳ ಮಡಿಲಿಗೆ ಹಾಕಿದಳು. "ಇವರಿಗೆ ಮಾತ್ರ ಗೊತ್ತಾಗ್ಬಾರದು."

ಆ ನಾಲ್ಕು ಫೋಟೋ ಎಣಿಸಹೋದರೆ ಮುನ್ನೂರಕ್ಕೆ ಮುಟ್ಟುತ್ತಿತ್ತು. ಚಿಕ್ಕಿ ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದು ಕಂಪ್ಯೂಟರ್‌ಗೆ ಹಾಕಿ, ಸಾಫ್ಟ್‌ವೇರ್ ಹುಡುಕಲು ಕೂತಳು. ಮೊದಲು ಸಿಕ್ಕಿದ್ದು ಪುಕ್ಕಟೆಯದು. ಅದರಲ್ಲಿ ಒಂದು ಫೋಟೋ ತರಗೆಲೆಯ ಹಾಗೆ ಉದುರುತ್ತಿತ್ತು, ಇನ್ನೊಂದು ಬುಗುರಿಯಂತೆ ಸುತ್ತುತ್ತಿತ್ತು. ಕೊನೆಯಲ್ಲಿ ನೋಡಿದರೆ ಪ್ರತಿ ಫೋಟೋದ ಮೇಲೂ ಅಡ್ಡಲಾಗಿ ಕಂಪನಿಯ ಹೆಸರು ಬಂದು ಕೂತಿದೆ. ಎದೆಯ ಮೇಲೆ ಹೆಸರು ಹೊತ್ತ ನೆಂಟರೆಲ್ಲ ಆಟದ ತಂಡದವರಂತೆ ಕಂಡರು. ಚಿಕ್ಕಿ ಅದಕ್ಕೆ ಕೈಮುಗಿದಳು.

ಎರಡನೆಯದು ಅಚ್ಚುಕಟ್ಟು. ಫೋಟೋ ಮೆಲ್ಲಗೆ ಬಂದು ಮೆಲ್ಲಗೆ ಕರಗುತ್ತಿತ್ತು, ಟೀವಿಯ ತುಂಬಾ ಹರಡಿಕೊಳ್ಳುತ್ತಲೂ ಇತ್ತು. ಮೊದಲ ನಾಲ್ಕೈದು ನೋಡಿ ಖುಷಿಯಾಗಿ, ಇರಲಿ ಎಂದು ಮೂರನೆಯ ಒಂದು ಸಾಫ್ಟ್‌ವೇರ್‌ನಲ್ಲೂ ಮಾಡಿಟ್ಟುಕೊಂಡು, ಭಾವ ಕೆಲಸಕ್ಕೆ ಹೋದ ಹೊತ್ತು ನೋಡಿ ಪೆನ್‌ಡ್ರೈವ್ ಹಿಡಿದು ಅಕ್ಕನ ಮನೆಗೆ ಬಂದಳು.

ಎರಡನೆಯದನ್ನು ಹಾಕಿದಾಗ ಟೀವಿಯಲ್ಲಿ ಅಕ್ಕ ಬಂದಳು, ಅಕ್ಕನ ಮಗಳು ಬಂದಳು, ಭಾವನ ಅಂಗಿ ಬಂತು. ಭಾವ ಬರಲಿಲ್ಲ. ಉದ್ದುದ್ದ ಫೋಟೋಗಳನ್ನು ಅಗಲದ ಟೀವಿಗೆ ಹಿಗ್ಗಿಸುವಾಗ ಸಾಫ್ಟ್‌ವೇರ್ ಮೇಲೂ ಕೆಳಗೂ ಕತ್ತರಿ ಆಡಿಸಿತ್ತು. ಮನೆಯವರೆಲ್ಲರಿಗಿಂತ ಒಂದು ತಲೆ ಎತ್ತರ ಇರುವವರು ಭಾವ. ಸರಿಯಾಗಿ ಆ ತಲೆಯೇ ಹೋಗಿತ್ತು.

ಅಕ್ಕ ತಂಗಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅಕ್ಕನ ನಗು ನಿಂತಿತು.

"ಇವರು ನೋಡಿದ್ರೆ ನೊಂದ್ಕೋತಾರೆ ಕಣೇ. ಎಲ್ಲಿ ಹೋದ್ರೂ ಹಿಂದೆ ನಿಲ್ಲಿ, ಬಗ್ಗಿ ನಿಲ್ಲಿ ಅಂತ ಕೇಳಿ ಕೇಳಿ, ಫೋಟೋ ಅಂದ್ರೆ ದೂರ ಹೋಗೋ ಹಾಗಾಗಿದೆ."

ಚಿಕ್ಕಿ ಮೂರನೆಯದನ್ನು ಹಾಕಿದಳು. ಅದಕ್ಕೆ ಕುಣಿತ ಗೊತ್ತಿರಲಿಲ್ಲ. ಫೋಟೋವನ್ನು ಇದ್ದಂತೆ ನಿಲ್ಲಿಸಿ, ಉಳಿದ ಜಾಗವನ್ನು ಎರಡೂ ಪಕ್ಕದಲ್ಲಿ ಕಪ್ಪಗೆ ಬಿಡುತ್ತಿತ್ತು.

"ಬಾಗಿಲ ಸಂದಿಯಿಂದ ಇಣುಕಿದ ಹಾಗಿದೆ," ಎಂದಳು ಅಕ್ಕ.

"ತಲೆ ಬೇಕೋ, ಟೀವಿ ತುಂಬಬೇಕೋ, ಒಂದು ಹೇಳು."

"ಎರಡೂ ಬೇಕು. ಎಲ್ಲಿ, ಹಿಂದಿನದು ಇನ್ನೊಂದ್ಸಲ ಹಾಕು."

ಈ ಜಗ್ಗಾಟದಲ್ಲಿ ಬಾಗಿಲು ತೆರೆದ ಸದ್ದು ಯಾರಿಗೂ ಕೇಳಲಿಲ್ಲ. ಆ ದಿನದ ಲಿಫ್ಟ್ ಬೇಗ ದಾರಿಗೆ ಬಂದಿತ್ತೋ ಏನೋ, ಭಾವ ಸಲಕರಣೆಯ ಚೀಲದೊಂದಿಗೆ ಹಾಲ್‌ನಲ್ಲಿ ನಿಂತಿದ್ದರು. ಎದುರಿಗೆ ಟೀವಿಯಲ್ಲಿ ಕತ್ತಿನಿಂದ ಕೆಳಗೆ ಅವರೇ. ಚಿಕ್ಕಿ ದಿಂಬಿನ ಸಂದಿಯಲ್ಲಿ ರಿಮೋಟ್‌ಗಾಗಿ ತಡಕಾಡಿದಳು.

"ಇರ್ಲಿ ಬಿಡಮ್ಮ, ನೋಡ್ತೀನಿ," ಎಂದು ಭಾವ ಕೂತರು. ಒಂದಷ್ಟು ಫೋಟೋ ಬಂದು ಹೋದವು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಭಾವ ಮುಂದಕ್ಕೆ ಬಗ್ಗಿದರು.

"ಇದೇನೇ ಇದು, ಎಲ್ಲ ಫೋಟೋದಲ್ಲೂ ನಿನ್ನ ಬ್ಯಾಗು ನನ್ನ ಕೈಯಲ್ಲೇ ಇದೆ."

"ಎಲ್ಲದರಲ್ಲೂ ಎಲ್ಲಿದೆ?"

"ನೋಡು ಬೇಕಾದ್ರೆ. ಸಮುದ್ರದ ಹತ್ರ ನನ್ನ ಕೈಲಿ. ಶಾಲೆ ಗೇಟಿನ ಹತ್ರ ನನ್ನ ಕೈಲಿ. ಆಸ್ಪತ್ರೆ ಮೆಟ್ಟಿಲ ಮೇಲೆ ಮಗು ನಿನ್ನ ಕೈಲಿ, ಬ್ಯಾಗು ನನ್ನ ಕೈಲಿ. ತಲೆ ಇದ್ದಿದ್ರೆ ಇದು ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ."

ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕಿಗೆ ಹೋದ ಜೀವ ಬಂದಂತಾಯಿತು. ಕದ್ದುಮುಚ್ಚಿ ಮಾಡುವುದು ಹೇಗೂ ಕೆಟ್ಟಿತೆಂದು ಮೂರನೆಯದನ್ನೂ ಹಾಕಿ ತೋರಿಸಿದಳು.

"ಇದೇ ಇರ್ಲಿ," ಎಂದರು ಭಾವ. "ಪಕ್ಕದಲ್ಲಿ ಕಪ್ಪಿದ್ರೆ ಏನೀಗ? ಒಂದ್ಸಲನಾದ್ರೂ ನೆಟ್ಟಗೆ ನಿಂತಿದ್ದೀನಿ."

ಅಕ್ಕ ಎದ್ದು ಅವರ ಸಲಕರಣೆಯ ಚೀಲವನ್ನು ಒಳಗೆ ಇಟ್ಟು ಬಂದಳು.

ಭಾನುವಾರ ಊಟ ಮುಗಿಸಿ ಭಾವನ ಜೊತೆ ದುಡಿದವರು ಕುರ್ಚಿಗಳನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡರು. ಮದುವೆಯ ಫೋಟೋ ಬಂತು. ಭಾವ ಕುರ್ಚಿಯಲ್ಲಿ, ಅಕ್ಕ ಪಕ್ಕದಲ್ಲಿ ನಿಂತು.

"ಏನ್ಸಾರ್, ಹೆಂಡತೀನ ನಿಲ್ಲಿಸಿ ನೀವು ಆರಾಮಾಗಿ ಕೂತಿದ್ದೀರಲ್ಲ," ಎಂದು ಅವರ ಆಫೀಸಿನಲ್ಲಿ ಟೆಲಿಫೋನ್ ನೋಡಿಕೊಳ್ಳುವ ಹೆಂಗಸು ಕೇಳಿದಳು.

"ಇಬ್ಬರೂ ನಿಂತ್ರೆ ಒಬ್ಬರೇ ಬರ್ತೀರಿ ಅಂದ ಫೋಟೋದವನು. ಮದುವೆ ದಿನವೂ ಕೂರಿಸಿಬಿಟ್ನಲ್ಲ ಅಂತ ನನಗೆ ಸಿಟ್ಟು. ಆಗ ಇವಳು ಬಂದು ಭುಜದ ಮೇಲೆ ಕೈ ಇಟ್ಲು. ಆಮೇಲೆ ಏಳೋ ಮನಸ್ಸೇ ಆಗ್ಲಿಲ್ಲ."

ಎಲ್ಲರೂ ಹೋ ಎಂದರು. ಅಕ್ಕ ನೀರು ತರುವ ನೆಪದಲ್ಲಿ ಒಳಗೆ ಎದ್ದುಹೋದಳು. ಅಷ್ಟರಲ್ಲಿ ಟೀವಿಯಲ್ಲಿ ಬೇರೆ ಫೋಟೋ ಬಂದಾಗಿತ್ತು.

"ಸ್ವಲ್ಪ ಹಿಂದಕ್ಕೆ ಹೋಗಮ್ಮ," ಎಂದರು ಭಾವ. "ಸರಿಯಾಗಿ ನೋಡ್ಲಿಲ್ಲ."

ಚಿಕ್ಕಿ ಮದುವೆಯ ಫೋಟೋಗೆ ಹಿಂದಿರುಗಿ, ಅಲ್ಲೇ ನಿಲ್ಲಿಸಿ, ರಿಮೋಟನ್ನು ಮಡಿಲಲ್ಲಿಟ್ಟುಕೊಂಡಳು.