ಬಲಕ್ಕೆ ಆರೋಗ್ಯ, ಎಡಕ್ಕೆ ಮೌಲ್ಯಮಾಪನ

೧

ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಬೇಕೆಂಬುದೇ ತಿಳಿಯುತ್ತಿಲ್ಲ. ಮಲಕಪ್ಪನ ಸಾವಿನಿಂದ ಆರಂಭಿಸಿದರೆ ಓದುಗರಾದ ನೀವು ಪುಟ ತಿರುವಿಬಿಡುತ್ತೀರಿ. ಸಾವು ಎಲ್ಲರ ಮನೆಯಲ್ಲೂ ಆಗಿದೆ. ಎಂ.ಎ. ಪಬ್ಲಿಕ್ ಪಾಲಿಸಿಯ ಪಠ್ಯಕ್ರಮದಿಂದ ಆರಂಭಿಸಿದರೆ ಪುಸ್ತಕವನ್ನೇ ಮುಚ್ಚುತ್ತೀರಿ. ಮೊದಲ ಕರಡಿನಲ್ಲಿ ನಾನು ಮಲಕಪ್ಪನನ್ನು ಬದುಕಿಸಿಯೇ ಇಟ್ಟಿದ್ದೆ. ಅವನು ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ, ಹಚ್ಚುತ್ತಲೇ ಇದ್ದ. ಪುಟಗಳು ತುಂಬಿದವು, ಕಥೆ ಅಲುಗಲಿಲ್ಲ. (ಆ ಪುಟಗಳನ್ನು ಹರಿದಿಲ್ಲ. ಕೈ ಬರಲಿಲ್ಲ.)

೨

ಆದ್ದರಿಂದ ಮಲಕಪ್ಪ ತೀರಿಕೊಂಡಿದ್ದಾನೆ. ಶಿವನಿಚ್ಛೆ. ಕೆರೂರಿಗೆ ಸಮೀಪದ ಹಳ್ಳಿಯ ಕುರಿಗಾರ, ಬೀರಪ್ಪನ ಭಕ್ತ. ಎದೆನೋವೆಂದು ಕ್ರೂಸರ್ ಗಾಡಿಯಲ್ಲಿ ಹಾಕಿಕೊಂಡು ಹೊರಟವರು ದಾರಿಯಲ್ಲೇ ಅವನನ್ನು ಕಳೆದುಕೊಂಡರು. ಉಳಿದವರಲ್ಲಿ ಈ ಕಥೆಗೆ ಬೇಕಾದವರು ಹೆಂಡತಿ ಪದ್ಮವ್ವ ಮತ್ತು ಮೊಮ್ಮಗಳು ಜಯಶ್ರೀ. ಪಬ್ಲಿಕ್ ಪಾಲಿಸಿ ಓದುತ್ತಿರುವವಳು ಈ ಜಯಶ್ರೀ. ರಜೆಗೆ ಊರಿಗೆ ಬಂದಾಗ ಆಯಿಗೆ, ಎಂದರೆ ಈ ಅಜ್ಜಿಗೆ, ತನ್ನ ಓದನ್ನು ತಿಳಿಸಲು ಹೋದಳು.

"ಸರಕಾರ ಏನ್ ಮಾಡ್ತೈತಿ, ಯಾಕ ಮಾಡ್ತೈತಿ, ಮಾಡಿದ್ದು ಮಂದಿಗಿ ಮುಟ್ಟಿತೋ ಇಲ್ಲೋ, ಅದನ್ನ ಓದೋದು ಆಯಿ."

"ಮುಟ್ಟಿಲ್ಲ ಅಂತ ನಾವು ಓದದನ ಹೇಳ್ತೀವಲ್ಲ," ಎಂದಳು ಪದ್ಮವ್ವ.

(ಕಥೆ ಇಲ್ಲಿಗೇ ಮುಗಿದಿದ್ದರೆ ಒಂದು ಒಳ್ಳೆಯ ನಗೆಹನಿ ಆಗುತ್ತಿತ್ತು. ಆಗಲಿಲ್ಲ.)

೩

ಮೊದಲ ವರ್ಷ ಎಲ್ಲರಿಗೂ ಒಂದೇ ಓದು: ಅರ್ಥಶಾಸ್ತ್ರ, ಸ್ಟ್ಯಾಟಿಸ್ಟಿಕ್ಸ್, ಕಾನೂನು, ನೀತಿಶಾಸ್ತ್ರ. ಎರಡನೆಯ ವರ್ಷ ಒಂದು ಸ್ಪೆಷಲೈಜೇಶನ್ ಆರಿಸಿಕೊಳ್ಳಬೇಕು. ಆರೋಗ್ಯ ಇದೆ, ನಗರಾಡಳಿತ ಇದೆ, ನೀರು ಮತ್ತು ಪರಿಸರ ಇದೆ, ಯೋಜನೆಗಳ ಮೌಲ್ಯಮಾಪನ ಇದೆ. ಒಮ್ಮೆ ಆರಿಸಿದರೆ ಬದಲಿಸುವಂತಿಲ್ಲ. ಈ ಕಥೆ ನಡೆಯುವ ದಿನದ ಸಂಜೆಯೇ ಅದಕ್ಕೆ ಗಡುವು.

ಆರೋಗ್ಯ ನೀತಿಯ ಮೇಡಂ ಹೇಳಿದ್ದರು: "ನಿನ್ನ ಪ್ರಬಂಧ ನಿನ್ನ ಅಜ್ಜನಿಂದಲೇ ಶುರುವಾಗಲಿ. ಹಳ್ಳಿಯ ರೋಗಿ ಆಸ್ಪತ್ರೆಯನ್ನು ಹೇಗೆ ತಲುಪುತ್ತಾನೆ, ಎಲ್ಲಿ ತಪ್ಪುತ್ತಾನೆ, ಬರೆ." ಮನೆಯವರಿಗೂ ಅದೇ ಆಸೆ. ಆದರೆ ಮೊದಲ ವರ್ಷ ತರಗತಿಯಲ್ಲಿ ಒಂದು ಲೆಕ್ಕ ಮಾಡಿಸಿದ್ದರು, ಒಂದು ಚಿಕಿತ್ಸೆಯಿಂದ ರೋಗಿಗೆ ಎಷ್ಟು ಆಯುಷ್ಯ ಸಿಕ್ಕೀತು ಎಂದು. ಜಯಶ್ರೀ ಮುತ್ಯಾ ಮಲಕಪ್ಪನ ವಯಸ್ಸನ್ನು ಹಾಕಿ ನೋಡಿದಳು. ಬಂದ ಉತ್ತರ ಬಹಳ ಸಣ್ಣದು. ಲೆಕ್ಕ ಸರಿಯಾಗಿತ್ತು, ಒಳ್ಳೆಯ ಗ್ರೇಡೂ ಬಂತು. ಅಂದು ಅವಳಿಗೆ ಊಟ ಸೇರಲಿಲ್ಲ. ಇನ್ನೂ ಒಂದು ವರ್ಷ ಮುತ್ಯಾನನ್ನು ಅಂಥ ಕೋಷ್ಟಕದಲ್ಲಿ ಮಲಗಿಸುವುದೇ?

ಮೌಲ್ಯಮಾಪನ ಹಿಡಿದರೆ ಕುರಿ ವಿಮೆಯ ಯೋಜನೆಯನ್ನು ಪರೀಕ್ಷಿಸಬಹುದು. ಕುರಿಯೆಂದರೆ ಅವಳಿಗೆ ಪ್ರೀತಿ. ಆದರೆ ಅದು ಮುತ್ಯಾನನ್ನು ಬಿಟ್ಟು ಓಡಿಹೋದಂತೆ ಆಗುವುದಿಲ್ಲವೇ? ಆರೋಗ್ಯದ ಆಸೆ ತನ್ನದೋ, ತನ್ನ ದುಃಖದ್ದೋ? ಅವಳಿಗೆ ತಿಳಿಯಲಿಲ್ಲ. ನನಗೂ ತಿಳಿದಿಲ್ಲ.

೩ (ಮತ್ತೊಮ್ಮೆ)

ಗೊಂದಲ ಬೇಡವೆಂದು ನಾನೇ ತೀರ್ಮಾನಿಸಿ ಬರೆದೆ: "ಜಯಶ್ರೀ ಕಣ್ಣೊರೆಸಿಕೊಂಡು ಆರೋಗ್ಯ ನೀತಿಯನ್ನೇ ಆರಿಸಿಕೊಂಡಳು." ಪೂರ್ಣವಿರಾಮದ ಮಸಿ ಒಣಗುವ ಮೊದಲೇ ಅವಳು ನನ್ನ ಎದುರಿಗೆ ಬಂದು ಕುಳಿತಳು.

"ಅಜ್ಜಾರ, ನಾ ಯಾವಾಗ ಹೂಂ ಅಂದೆ?"

"ಕಥೆಗೆ ಅದೇ ಚೆಂದ, ತಂಗಿ."

"ಕಥಿಗಿ ಚೆಂದ ಇದ್ದೀತು. ಓದಾಕಿ ನಾನು."

ಸಾಲನ್ನು ಹೊಡೆದುಹಾಕಿದೆ. ಇಂಥ ಇಕ್ಕಟ್ಟಿನಲ್ಲಿ ನನ್ನಂಥವನಿಗೆ ಗೊತ್ತಿರುವುದು ಗುಡಿಯ ದಾರಿ ಒಂದೇ. ಆಯಿಯನ್ನೂ ಮೊಮ್ಮಗಳನ್ನೂ ಬೀರಪ್ಪನ ಗುಡಿಗೆ ಕಳಿಸಿದೆ.

೪

ಆ ಮನೆತನದವರು ದೊಡ್ಡ ಮಾತನ್ನೆಲ್ಲ ದೇವರಿಗೆ ಹೂ ಹಚ್ಚಿ ಕೇಳುತ್ತಾರೆ. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಯಾವ ಕಡೆಗೆ ಯಾವ ಉತ್ತರ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮನೆಯ ಹಿರಿಯರು ಮನಸ್ಸಿನಲ್ಲೇ ಕೇಳಬೇಕು. ಮೊದಲು ಬಿದ್ದ ಹೂವೇ ಅಪ್ಪಣೆ. ಇಷ್ಟು ವರ್ಷ ಕೇಳುತ್ತಿದ್ದವನು ಮಲಕಪ್ಪ. ಈಗ ಆ ಸ್ಥಳದಲ್ಲಿ ಪದ್ಮವ್ವ ನಿಂತಳು.

"ನಾಕು ಅದಾವ್ರಿ ಕಾಕಾ," ಎಂದಳು ಜಯಶ್ರೀ, ಪೂಜಾರಿ ಮುತ್ತುರಾಜನಿಗೆ.

"ಹೂ ಎರಡ ಕಡಿ ಅಷ್ಟ ಬೀಳ್ತಾವ ತಂಗಿ. ನಾಕ ಕಡಿ ಕೇಳೂದಾದ್ರ ದೇವರಿಗಿ ಇನ್ನೆರಡು ಭುಜ ಮಾಡಿಸಬೇಕು."

"ಹಂಗಾರ ಎರಡ ಇಟಗೋರಿ. ಬಲಕ್ಕ ಆರೋಗ್ಯ, ಎಡಕ್ಕ ಮೌಲ್ಯಮಾಪನ."

"ಎಡಕಿನದು ಏನದು?"

"ಕುರಿ ವಿಮೆ ಖರೇನ ಮುಟ್ಟತೈತೋ ಇಲ್ಲೋ ನೋಡೋದು."

"ಕುರಿ ಮ್ಯಾಲ ಎಂ.ಎ. ಕೊಡ್ತಾರ? ಹಂಗಾದ್ರ ನಮ್ಮಪ್ಪ ಪ್ರೊಫೆಸರ್ ಆಗಬೇಕಿತ್ತು."

ಅಷ್ಟರಲ್ಲಿ ಇಳಕಲ್ಲಿನ ಗೆಳತಿ ಫರಹಾನಾಳ ಫೋನು ಬಂತು. ಅವಳು ನಗರಾಡಳಿತ ಆರಿಸಿ ಆಗಲೇ ಹಾಯಾಗಿದ್ದಳು. "ಒಂದ ಹೂವಿನ ಮ್ಯಾಲ ನಿರ್ಧಾರ ಮಾಡ್ತಿಯೇನ? ಸ್ಯಾಂಪಲ್ ಸೈಜ್ ಒಂದು ಅಂತ ಕೇಳಿದ್ರ ಸ್ಟ್ಯಾಟಿಸ್ಟಿಕ್ಸ್ ಸರ್ ಅತ್ತಬಿಡ್ತಾರ."

"ಸುಮ್ನಿರ. ಆಯಿ ಕಣ್ಣ ಮುಚ್ಯಾಳ."

ಪದ್ಮವ್ವ ಬಹಳ ಹೊತ್ತು ಕಣ್ಣು ಮುಚ್ಚಿಯೇ ನಿಂತಿದ್ದಳು. ತುಟಿಗಳು ಅಲುಗುತ್ತಿದ್ದವು. ಬಲಗಡೆಯ ಹೂ ಬಿತ್ತು. ಮುತ್ತುರಾಜ ಎಲ್ಲರ ಹಣೆಗೆ ಅರಿಶಿನದ ಭಂಡಾರ ಹಚ್ಚಿದ.

೫

ಇಂಟರ್ನೆಟ್ಟಿಗಾಗಿ ಇಬ್ಬರೂ ಕೆರೂರಿನ ಬಸ್ ಸ್ಟ್ಯಾಂಡಿಗೆ ಬಂದು ಕುಳಿತರು. ಜಯಶ್ರೀ ಮೊಬೈಲಿನಲ್ಲಿ ಪೋರ್ಟಲ್ ತೆರೆದು 'ಆರೋಗ್ಯ' ಎಂಬುದರ ಮೇಲೆ ಬೆರಳು ತಂದಳು.

"ತಡಿಯವ್ವಾ," ಎಂದಳು ಪದ್ಮವ್ವ. "ಆ ಹೂ ನಿಂದಲ್ಲ."

"ಅಂದ್ರ?"

"ನಿನ್ನ ಓದು ಕೇಳಾಕಂತನ ನಿಂತೆ. ಬಾಯಾಗ ಬ್ಯಾರೆ ಬಂತು. ಅವತ್ತು ಇದ ಊರಾಗ ಡ್ರೈವರ್ ಗಾಡಿ ನಿಲ್ಲಿಸಿ ಕೇಳಿದ, ಬದಾಮಿಗೋ ಬಾಗಲಕೋಟಿಗೋ ಅಂತ. ದೊಡ್ಡ ದವಾಖಾನಿ ಬಾಗಲಕೋಟ್ಯಾಗ, ಆದ್ರೂ ನಾನ ಬದಾಮಿ ಅಂದೆ. ನಮ್ಮಣ್ಣ ಅಲ್ಲಿ ಅದಾನ, ಕೈಗಿ ಮಂದಿ ಆಗ್ತಾರ ಅಂತ. ಬಾಗಲಕೋಟಿ ದಾರಿ ಹಿಡದಿದ್ರ ಇವರು ಉಳೀತಿದ್ರೇನಪಾ ಅಂತ ಕೇಳಿದೆ. ಹೂ ಬಲಕ್ಕ ಬಿತ್ತು."

ಜಯಶ್ರೀ ಬೆರಳನ್ನು ಹಿಂದಕ್ಕೆ ತೆಗೆದಳು. ಹಾಗೆ ಮಾಡದೆ ಹೀಗೆ ಮಾಡಿದ್ದರೆ ಏನಾಗುತ್ತಿತ್ತು? ಮೌಲ್ಯಮಾಪನದ ಮೊದಲ ಪಾಠದ ಮೊದಲ ಪ್ರಶ್ನೆ ಅದು. ಸಾವಿರ ಜನರ ಬಗ್ಗೆ ಕೇಳಿದರೆ ಒಂದು ಸರಾಸರಿ ಹೇಳಬಹುದು, ಒಬ್ಬನ ಬಗ್ಗೆ ಎಂದೂ ಹೇಳಲಾಗದು ಎಂದು ಸ್ಟ್ಯಾಟಿಸ್ಟಿಕ್ಸ್ ಸರ್ ಮೊದಲ ವರ್ಷವೇ ನಗುತ್ತ ಕಲಿಸಿದ್ದರು.

"ಆಯಿ, ಬಲಕ್ಕ ಏನಂತ ಇಟಗೊಂಡಿದ್ದಿ? ಉಳೀತಿದ್ರು ಅಂತೋ, ಇಲ್ಲ ಅಂತೋ?"

"ಏನೂ ಇಟಗೊಂಡಿರಲಿಲ್ಲ. ಕೇಳಿದ್ದಷ್ಟ."

"ಹಂಗಾರ ಅದು ಉತ್ತರ ಅಲ್ಲ ತಗೋ."

"ಬೀರಪ್ಪ ಸುಮ್ನ ಹೂ ಕೊಡ್ತಾನೇನ?" ಪದ್ಮವ್ವ ಸೆರಗನ್ನು ಬೆರಳಿಗೆ ಸುತ್ತಿದಳು. "ನಿನ್ನ ಓದಿನ್ಯಾಗ ಇದಕ್ಕ ಉತ್ತರ ಐತೇನ? ಯಾವ್ದರಾಗ ಐತಿ, ಅದನ್ನ ತಗೋ."

೬

ಈಗ ಮುಕ್ತಾಯ ಹೇಳಬೇಕು. ಕೆಲವನ್ನು ಬರೆದು ನೋಡಿದ್ದೇನೆ.

ಅ) ಜಯಶ್ರೀ ಆರೋಗ್ಯವನ್ನು ಆರಿಸುತ್ತಾಳೆ. ಪ್ರತಿ ರಜೆಗೆ ಬಂದಾಗಲೂ ಆಯಿ ಹೊಸ್ತಿಲಲ್ಲೇ ಕೇಳುತ್ತಾಳೆ, "ತಿಳೀತೇನ?" (ಇದನ್ನು ಬರೆದ ಮೇಲೆ ಆ ಹೊತ್ತು ಬೇರೇನೂ ಬರೆಯಲಾಗಲಿಲ್ಲ.)

ಆ) ಮೌಲ್ಯಮಾಪನವನ್ನು ಆರಿಸುತ್ತಾಳೆ. ತಿಳಿಯುವುದಿಲ್ಲ ಎಂಬುದನ್ನು ಬಹಳ ಸೊಗಸಾಗಿ ಹೇಳಲು ಕಲಿಯುತ್ತಾಳೆ.

ಇ) ನಾನು ಹಿಂದಕ್ಕೆ ಹೋಗಿ ಎಡಗಡೆಯ ಹೂವನ್ನು ಬೀಳಿಸುತ್ತೇನೆ. ಇದು ಸಾಧ್ಯವಿಲ್ಲ. ಪಾತ್ರಗಳನ್ನು ತಿದ್ದುತ್ತೇನೆ, ದೇವರು ಕೊಟ್ಟ ಹೂವನ್ನು ತಿದ್ದಲಾರೆ. (ಹೂ ಬೀಳಿಸಿದವನು ನೀನೇ ಅಲ್ಲವೇ ಎನ್ನುತ್ತೀರಿ. ಬರೆಯುವಾಗ ನನಗೆ ಹಾಗೆ ಅನ್ನಿಸಿರಲಿಲ್ಲ.)

ಜಯಶ್ರೀ ನನ್ನ ಕಡೆ ತಿರುಗಿದಳು. "ಅಜ್ಜಾರ, ಒಂದು ಕೆಲಸ ಮಾಡ್ರಿ. ಆಗದ ಹೋದದ್ದನ್ನ ನಮ್ಮ ಓದಿನ್ಯಾಗ ಅಂದಾಜ ಅಷ್ಟ ಮಾಡ್ತೀವಿ, ನೋಡಾಕ ಆಗಂಗಿಲ್ಲ. ನಿಮಗ ಬರಿಯಾಕ ಬರತೈತಿ. ಬಾಗಲಕೋಟಿ ದಾರಿ ಬರೀರಿ. ಆಯಿ ಕೇಳಲಿ."

೭

ಬರೆದೆ. ಡ್ರೈವರ್ ಕೇಳಿದ, ಪದ್ಮವ್ವ ಬಾಗಲಕೋಟೆ ಎಂದಳು, ಗಾಡಿ ಆ ಕಡೆ ತಿರುಗಿತು. ಮಲಕಪ್ಪನ ತಲೆ ಅವಳ ತೊಡೆಯ ಮೇಲಿತ್ತು. ಕಿಟಕಿಯ ಗಾಳಿಗೆ ಅವನಿಗೆ ಸ್ವಲ್ಪ ಎಚ್ಚರವಾಯಿತು. ಹೊಲದಲ್ಲಿ ಯಾರದೋ ಹಿಂಡು ಕಂಡು, ಯಾರ ಕುರಿ ಇವು, ಎಂದ. ಗದ್ದನಕೇರಿ ಕ್ರಾಸ್ ದಾಟಿತು.

"ಮುಂದ?" ಎಂದಳು ಪದ್ಮವ್ವ, ಬೆಂಚಿನ ತುದಿಗೆ ಸರಿದು.

ನಾನು ಕೈ ತಡೆದೆ. ಗಾಡಿ ತಲುಪಿ ಅವನು ಉಳಿದರೆ, ಬಾದಾಮಿ ಎಂದ ಈ ಹೆಂಗಸು ಉಳಿಯುವುದಿಲ್ಲ. ತಲುಪಿಯೂ ಅವನು ಹೋದರೆ, ಅದನ್ನು ಮತ್ತೊಮ್ಮೆ ಬರೆಯುವ ಶಕ್ತಿ ನನ್ನಲ್ಲಿಲ್ಲ. ಹೀಗಾಗಿ ರಸ್ತೆಯನ್ನು ಇನ್ನಷ್ಟು ಉದ್ದ ಮಾಡಿದೆ.

"ದಾರಿಯಲ್ಲಿದ್ದಾರೆ ತಾಯಿ," ಎಂದೆ.

"ಮಾತಾಡಾಕತ್ತಾರ?"

"ಮಾತಾಡುತ್ತಿದ್ದಾರೆ."

ಅವಳು ಕಣ್ಣು ಮುಚ್ಚಿದಳು. ಸಂಜೆಯಾಗಿತ್ತು. ಪಕ್ಕದಲ್ಲಿ ಜಯಶ್ರೀ ಬೆರಳನ್ನು ಒತ್ತಿದಳು. ಯಾವುದರ ಮೇಲೆ ಒತ್ತಿದಳೆಂದು ನನ್ನನ್ನು ಕೇಳಬೇಡಿ. ನಾನು ನೋಡಲಿಲ್ಲ, ನನ್ನ ಕಣ್ಣು ಆ ಗಾಡಿಯ ಮೇಲಿತ್ತು.